ನನ್ನ ಸುಳ್ಳು ಕೈಗವಸಲ್ಲ

ತುರ್ತು ಆಂಬುಲೆನ್ಸ್ ಸೇವೆಯ ಮುಖ್ಯಾಧಿಕಾರಿಗಳಿಗೆ, ಪತ್ರಿಕೆಯ ಮೂಲಕ ಬಹಿರಂಗ ಪತ್ರ,

ಮಾನ್ಯರೇ,

ತಮ್ಮ ಸಿಬ್ಬಂದಿಯೊಬ್ಬನಿಗೆ ನಾನು ಸುಳ್ಳು ಹೇಳಿದೆ. ಆ ಸುಳ್ಳನ್ನೇ ಆಧಾರವಾಗಿಟ್ಟುಕೊಂಡು ತಾವು ಆತನ ಚಿಕಿತ್ಸೆಯನ್ನು ನಿರಾಕರಿಸಿದ್ದೀರಿ. ತಪ್ಪಿನ ಮೊದಲರ್ಧ ನನ್ನದು, ಒಪ್ಪುತ್ತೇನೆ. ಉಳಿದರ್ಧವನ್ನೂ ನನ್ನ ತಲೆಗೇ ಕಟ್ಟುವ ತಮ್ಮ ಜಾಣತನವನ್ನು ಒಪ್ಪಲಾರೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ನನ್ನ ತಮ್ಮ ಬಚ್ಚಲಲ್ಲಿ ಜಾರಿ, ಗೋಡೆಯ ಕನ್ನಡಿಗೆ ತಲೆ ಅಪ್ಪಳಿಸಿಕೊಂಡ. ಕನ್ನಡಿ ಚೂರಾಯಿತು, ನೆತ್ತಿ ಸೀಳಿತು. ತಮ್ಮ ಸೇವೆಯ ವಾಹನ ಬೇಗನೆ ಬಂತು. ಅದಕ್ಕೆ ಪೂರ್ಣ ಅಂಕ. ಬಂದವರು ಇಬ್ಬರು: ಚಾಲಕ, ಮತ್ತು ಗಾಯ ನೋಡುವ ತರುಣ ಸಹಾಯಕ. ಸಹಾಯಕನ ಬಲಗೈಯ ಗವಸು ಹೆಬ್ಬೆರಳಿನ ಬುಡದಲ್ಲಿ ಹರಿದಿತ್ತು. ಅದರ ಮೇಲೊಂದು ಅಂಟುಪಟ್ಟಿಯ ತೇಪೆ. ಅಂಥ ಹೊತ್ತಿನಲ್ಲೂ ನನ್ನ ತಿದ್ದುವ ಚಾಳಿ ಸುಮ್ಮನಿರಲಿಲ್ಲ.

"ಹರಿದ ಗವಸು ಹಾಕ್ಕೊಂಡು ಬರ್ತಾರೇನಪ್ಪಾ?"

"ಬೈಯೋ ಧಾಟೀಲೇ ಗೊತ್ತಾಯ್ತು, ನೀವು ಟೀಚರಮ್ಮ! ಇದು ಗಾಳಿಯಾಡೋ ಮಾಡೆಲ್ಲು. ನಮಗೆ ಸೆಖೆ ಆಗ್ಬಾರ್ದು ಅಂತ ಆಫೀಸಿನವರು ಕೊಟ್ಟಿದ್ದಾರೆ," ಎಂದು ನಗುತ್ತಲೇ ಆತ ಗಾಯಕ್ಕೆ ಬಟ್ಟೆ ಒತ್ತಿ ಹಿಡಿದ.

ಸ್ಟ್ರೆಚರ್ ಮೆಟ್ಟಿಲ ತಿರುವಿಗೆ ಬಂದಾಗ ಆತ ತಮ್ಮ ಸೇವೆಯ ನಿಯಮದಂತೆ ಕೇಳಿದ: "ಇವರಿಗೆ ಕಾಮಾಲೆ, ರಕ್ತದಿಂದ ಹರಡೋ ಸೋಂಕು, ಅಂಥದ್ದೇನಾದ್ರೂ ಇದೆಯಾ?" ಕೆಳಮನೆಯಾಕೆ ಮೆಟ್ಟಿಲ ಕಟಕಟೆ ಹಿಡಿದು ನಿಂತಿದ್ದರು. ಎದುರುಮನೆಯ ಬಾಗಿಲು ಅಂಗೈಯಗಲ ತೆರೆದಿತ್ತು. ನನ್ನ ತಮ್ಮನಿಗೆ ವರ್ಷಗಳಿಂದ ಹೆಪಟೈಟಿಸ್ ಬಿ ಇದೆ. ಅದು ಎಲ್ಲಿಂದ ಬಂತೆಂದು ಅವನಿಗೇ ತಿಳಿಯದು. ಬಿಟ್ಟ ಸ್ಥಳಗಳನ್ನು ತುಂಬುವುದರಲ್ಲಿ ನೆರೆಹೊರೆಯವರಿಗಿಂತ ಚುರುಕಾದ ವಿದ್ಯಾರ್ಥಿಗಳನ್ನು ನನ್ನ ಸೇವಾವಧಿಯುದ್ದಕ್ಕೂ ಕಂಡವಳಲ್ಲ.

"ಅಂಥದ್ದೆಲ್ಲ ನಮ್ಮ ಮನೇಲಿಲ್ಲ," ಎಂದೆ. ಕೆಳಮನೆಯಾಕೆಗೂ ಕೇಳಿಸುವಷ್ಟು ಗಟ್ಟಿಯಾಗಿ ಎಂದೆ.

ಅಷ್ಟಕ್ಕೇ ಮುಗಿದಿದ್ದರೆ ಈ ಪತ್ರ ಇಷ್ಟು ಭಾರವಾಗುತ್ತಿರಲಿಲ್ಲ. ವಾಹನದೊಳಗೆ ಸಹಾಯಕ ನನ್ನ ತಮ್ಮನ ಕೂದಲಿನಿಂದ ಗಾಜು ಹೆಕ್ಕುವಾಗ ಒಂದು ಚೂರು ತೇಪೆಯನ್ನು ದಾಟಿ ಆತನ ಹೆಬ್ಬೆರಳಿಗೆ ಇಳಿಯಿತು. ಅದನ್ನು ಕಿತ್ತು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಆತ ಕೆಲಸ ಮುಂದುವರಿಸಿದ. ಎದುರಿಗೇ ಕುಳಿತು ನಾನು ನೋಡಿದೆ. ಅಲ್ಲಿ ನೆರೆಮನೆಯವರಿರಲಿಲ್ಲ, ಬಾಗಿಲು ಮುಚ್ಚಿತ್ತು. ಆದರೂ ಬಾಯಿ ಬಿಡಲಿಲ್ಲ. ಬಿಟ್ಟರೆ ಆತನ ಕಣ್ಣಿನಲ್ಲಿ ಸುಳ್ಳುಗಾತಿಯಾಗುತ್ತಿದ್ದೆನಲ್ಲ! ಆಸ್ಪತ್ರೆಯಲ್ಲಿ ವೈದ್ಯರ ಕಿವಿಯಲ್ಲಿ ನಿಜ ಉಸುರಿದೆ. ಸಹಾಯಕನಿಗೆ ಹೇಳಿದ್ದು 'ಧನ್ಯವಾದ' ಎಂಬುದೊಂದೇ.

ಮರುದಿನ ತಡೆಯಲಾರದೆ ಆತನನ್ನು ಹುಡುಕಿಕೊಂಡು ಹೋದೆ. ಆತ ವಾಹನದ ನೆಲ ತೊಳೆಯುತ್ತಿದ್ದ. ನಾನು ಹೇಳಿ ಮುಗಿಸಿದ ಮೇಲೆ ನಲ್ಲಿ ನಿಲ್ಲಿಸಿದ.

"ಗಾಜು ಚುಚ್ಚಿದ್ದು ನೋಡಿದ್ರಾ?"

"ನೋಡಿದೆ."

"ನೋಡೀನೂ ಸುಮ್ನೆ ಕೂತಿದ್ರಾ?"

ಚಾಲಕ ನಡುವೆ ಬಾಯಿ ಹಾಕಿದ: "ಅಮ್ಮನ ಜೊತೆ ಆಮೇಲೆ ಜಗಳ ಆಡುವಿಯಂತೆ. ಮೊದ್ಲು ಡಾಕ್ಟ್ರ ಹತ್ರ ಓಡೋ ಮಾರಾಯಾ!"

ಆಸ್ಪತ್ರೆಯ ವೈದ್ಯರು ಅಂದೇ ಚುಚ್ಚುಮದ್ದು ಕೊಟ್ಟರು. ಉಳಿದ ಚುಚ್ಚುಮದ್ದು, ತಿಂಗಳುಗಟ್ಟಲೆ ನಡೆಯಬೇಕಾದ ರಕ್ತಪರೀಕ್ಷೆ, ಇವು ತಮ್ಮ ಹೊಣೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಲಸಿಕೆ ಹಾಕಿಸಬಾರದಿತ್ತೇ? ಹಾಕಿಸಿದ್ದೀರಂತೆ, ಕಾಯಂ ನೌಕರರಿಗೆ. ಆತನಂಥ ಗುತ್ತಿಗೆಯವರಿಗೆ 'ಮುಂದಿನ ಹಂತದಲ್ಲಿ'. ನೌಕರಿ ಕಾಯಮೋ ಗುತ್ತಿಗೆಯೋ ಎಂದು ವಿಚಾರಿಸಿ ಒಳಹೊಕ್ಕುವ ಶಿಸ್ತಿನ ವೈರಾಣುವನ್ನು ತಮ್ಮ ಕಚೇರಿಯೇ ಕಂಡುಹಿಡಿದಿರಬೇಕು.

ಆತನ ಮನವಿಗೆ ತಾವು ಕೊಟ್ಟ ಉತ್ತರ: ರೋಗವಿಲ್ಲವೆಂದು ಮನೆಯವರೇ ತಿಳಿಸಿರುವುದರಿಂದ ಇದು ಬರೀ ಗಾಯ. ನನ್ನ ತಮ್ಮನ ರಕ್ತಪರೀಕ್ಷೆಯ ವರದಿ ಹಿಡಿದು ನಾನೇ ಬಂದೆ. ತಮ್ಮ ಗುಮಾಸ್ತರು ಅದನ್ನು ತಿರುಗಿಸಿಯೂ ನೋಡಲಿಲ್ಲ. "ಮೇಡಂ, ಅವತ್ತು ನೀವು ಹೇಳಿದ್ದು ದಾಖಲೆ. ಇವತ್ತು ಹೇಳ್ತಿರೋದು ಬರೀ ಮಾತು."

ಹಾಗಾದರೆ ಕೇಳುತ್ತೇನೆ. ರಸ್ತೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದವನು ತಮ್ಮ ಪ್ರಶ್ನೆಗೆ ಏನೆಂದು ಉತ್ತರಿಸಬೇಕು? ತನಗೆ ಸೋಂಕಿರುವುದೇ ತಿಳಿಯದವನು ಯಾವ ಸತ್ಯ ನುಡಿಯಬೇಕು? ನನ್ನಂತೆ ಮಾನಕ್ಕಂಜಿ ಸುಳ್ಳಾಡುವವರು ಪ್ರತಿ ಮೆಟ್ಟಿಲಿನಲ್ಲೂ ಇದ್ದೇವೆ. ಯಾರ ರಕ್ತವೇ ಆಗಲಿ, ಸೋಂಕಿರಬಹುದೆಂದೇ ಭಾವಿಸಿ ಮುಟ್ಟಬೇಕೆಂಬುದು ಈ ವೃತ್ತಿಯ ಮೊದಲ ಪಾಠ. ಆ ಪಾಠಕ್ಕೆ ಬೇಕಾದದ್ದು ಗಟ್ಟಿ ಗವಸು, ಗಾಜು ಹೆಕ್ಕುವ ಚಿಮುಟ, ಕಣ್ಣಿಗೆ ಮರೆ, ಲಸಿಕೆ. ತಾವು ಕೊಟ್ಟಿರುವುದು ಒಂದು ಪ್ರಶ್ನೆ ಮಾತ್ರ.

ಆ ಸಹಾಯಕನಿಗೆ ಪುಟ್ಟ ಮಗಳಿದ್ದಾಳೆ. ಎತ್ತಿಕೋ ಎಂದು ಬಂದರೆ ಬೆನ್ನುನೋವೆಂದು ದೂರ ಸರಿಯುತ್ತಾನಂತೆ. "ಎತ್ತಿಕೊಂಡ್ರೆ ಹರಡೋದಿಲ್ಲಪ್ಪಾ," ಎಂದೆ.

"ಡಾಕ್ಟ್ರೂ ಅದನ್ನೇ ಹೇಳಿದ್ರು. ಅವರು ಹೇಳಿದ್ದಕ್ಕೆ ನಂಬ್ತೀನಿ, ಟೀಚರಮ್ಮ. ನಿಮ್ಮ ಮಾತು ನಂಬೋದು ಸ್ವಲ್ಪ ಕಷ್ಟ."

ಒಂದು ಜೀವಮಾನವಿಡೀ ಮಕ್ಕಳು ನನ್ನ ಮಾತನ್ನು ನಂಬಿದ್ದರು. ಆ ಗರ್ವ ಅಂದು ಇಳಿಯಿತು.

ಇದನ್ನು ಪತ್ರಿಕೆಗೆ ಬರೆಯಲೇ ಎಂದು ತಮ್ಮನನ್ನು ಕೇಳಿದೆ. "ಬರಿ ಅಕ್ಕಾ. ಕೆಳಮನೆಯೋರಿಗೆ ಗೊತ್ತಾದ್ರೆ ಏನಾಗುತ್ತೆ? ಸಕ್ಕರೆ ಸಾಲ ಕೇಳೋದು ನಿಲ್ಲಿಸ್ತಾರೆ. ನಮಗೇ ಉಳಿತಾಯ," ಎಂದ. ಹೇಳಿ ಗೋಡೆಯ ಕಡೆ ಹೊರಳಿ ಮಲಗಿದ.

ಆದ್ದರಿಂದ, ಮಾನ್ಯರೇ, ಅಂದು ಮೆಟ್ಟಿಲಿನಲ್ಲಿ ಆಡಿದ ಮಾತನ್ನು ಇಂದು ಎಲ್ಲರೆದುರು ಹಿಂದಕ್ಕೆ ಪಡೆಯುತ್ತಿದ್ದೇನೆ. ಆತನ ಗಾಯವನ್ನು ಕರ್ತವ್ಯದ ವೇಳೆ ತಗಲಿದ ಅಪಾಯವೆಂದು ಒಪ್ಪಿ, ಚಿಕಿತ್ಸೆಯನ್ನು ಕೊನೆಯವರೆಗೂ ಕೊಡಿಸತಕ್ಕದ್ದು. ಗುತ್ತಿಗೆಯವರೂ ಸೇರಿ ಪ್ರತಿಯೊಬ್ಬರಿಗೂ ಲಸಿಕೆ ಹಾಕಿಸದೆ ವಾಹನ ಹತ್ತಿಸಕೂಡದು. ಆತನ ಎರಡನೆಯ ಚುಚ್ಚುಮದ್ದು ಬರುವ ಸೋಮವಾರ. ಅಂದು ಬಾಗಿಲು ತೆರೆಯುವ ಹೊತ್ತಿಗೆ ನನ್ನ ತಮ್ಮನೊಡನೆ ತಮ್ಮ ಕಚೇರಿಯಲ್ಲಿರುತ್ತೇನೆ. ಇನ್ನೂ ಅನುಮಾನವಿದ್ದರೆ ಅವನ ರಕ್ತವನ್ನು ಅಲ್ಲಿಯೇ ತೆಗೆದು ಪರೀಕ್ಷಿಸಿ. ತೆಗೆಯುವವರ ಕೈಗೆ ಮಾತ್ರ ಹರಿಯದ ಗವಸು ಕೊಡಿ.

ಇಂತಿ,
ನಂಬಿಕೆಗೆ ಸದ್ಯಕ್ಕೆ ಅರ್ಹಳಲ್ಲದ,
ನಿವೃತ್ತ ಶಿಕ್ಷಕಿ