ಘಾಟಿಯಲ್ಲಿ ಲಾರಿಯ ಹಿಂದೆ ಓಡಿದವನಿಗೆ

ಬಾಳ್ಳುಪೇಟೆ
ತಾ. ೯-೧-೧೯೬೧

ಚಿರಂಜೀವಿ ಹಮೀದನಿಗೆ ನಿನ್ನ ಮಾಮು ಕಳಿಸುವ ಸಲಾಂ ಮತ್ತು ದುವಾ.

ನಾವೆಲ್ಲ ಇಲ್ಲಿ ಸುಖವಾಗಿದ್ದೇವೆ. ನೀನೂ ನಿನ್ನ ಎರಡು ಕಾಲುಗಳೂ ಸುಖವಾಗಿರಲಿ ಎಂದು ಐದು ಹೊತ್ತಿನ ನಮಾಜಿನಲ್ಲೂ ಕೇಳಿಕೊಳ್ಳುತ್ತೇನೆ. ಐದರಲ್ಲಿ ಮೂರು ಹೊತ್ತು ನಾನು ಸ್ಟೇರಿಂಗ್ ಹಿಡಿದಿರುತ್ತೇನೆ ಅನ್ನುವುದು ಬೇರೆ ಮಾತು. ನಿನ್ನ ಎರಡು ಕಾಗದ ಬಂದರೂ ಉತ್ತರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಇದು ಕಾಫಿ ಕೊಯ್ಲಿನ ಕಾಲ. ಹೆತ್ತೂರು ಕಡೆಯ ಎಸ್ಟೇಟುಗಳಿಗೆಲ್ಲ ಮಜೀದ್ ಸಾಬರ ಲಾರಿಯೇ ಬೇಕು. ಎಸ್ಟೇಟಿನ ಲೆಕ್ಕ ಬರೆಯುವ ಒಬ್ಬ ರೈಟರಂತೂ, "ನೀವು ಬರೋಗಂಟ ಒಂದ್ ಮೂಟೆನೂ ಹೊರಗೆ ತೆಗ್ಯಲ್ಲ" ಎಂದು ಸ್ಟೋರಿನ ಬಾಗಿಲು ಹಾಕಿಕೊಂಡು ಕೂತಿದ್ದ. ಅವನಿಗೆ ಬೇರೆ ಲಾರಿ ಸಿಕ್ಕಿರಲಿಲ್ಲ ಎಂದು ಕೆಲವರು ಹೇಳುತ್ತಾರೆ. ಹೊಟ್ಟೆಕಿಚ್ಚಿನವರು.

ಈ ಸಲದ ಕಾಗದವನ್ನು ನಿನ್ನ ಅಮ್ಮಿಗೆ ಓದಿ ಹೇಳಿದವನು ನಾನೇ. ಜನವರಿ ಇಪ್ಪತ್ತಾರರಂದು ಬಾಳ್ಳುಪೇಟೆಯಿಂದ ಆನೇಮಹಲ್‌ವರೆಗಿನ ದೊಡ್ಡ ಓಟಕ್ಕೆ ನೀನೂ ಬರುತ್ತೀಯ, ಮಂಗಳೂರಿನ ನಿಮ್ಮ ಹೆಂಚಿನ ಕಾರ್ಖಾನೆಯ ಕ್ಲಬ್ಬಿನ ಐವರು ಓಟಗಾರರೂ ಸಾಹೇಬರೂ ಜೊತೆಗಿರುತ್ತಾರೆ ಎಂದು ಓದಿದೆನೋ ಇಲ್ಲವೋ, ನನ್ನ ತಂಗಿ ಎದ್ದು ಕಸಾಯಿ ಅಂಗಡಿಗೆ ಹೇಳಿಕಳಿಸಿದಳು.

"ಈಗಲೇ ಕುರಿ ಕಾಲು ತಂದಿಟ್ರೆ ಇಪ್ಪತ್ತಾರರವರ್ಗೂ ಇರ್ತದೇನೇ ಹಾಜಿರಾ?" ಅಂದೆ.

"ನೀನು ಸುಮ್ಕಿರು ಭಾಯಿ. ಆವತ್ತು ಅವನು ಎಲ್ಲಾ ಕಾಲ್ನೂ ಬೇರೆಯೋರ್ಗೆ ಮಾರ್ಬುಟ್ರೆ ನನ್ನ ಮಗ ಏನ್ ಕುಡೀಬೇಕು?" ಅಂದಳು.

ವಾರಕ್ಕೆ ಎರಡು ಸಲ ಕುರಿ ಕಾಲಿನ ಪಾಯಾ ಸಾರು ಕುಡಿಸಿ, ಎಳ್ಳೆಣ್ಣೆ ತಿಕ್ಕಿ ನಿನ್ನ ಮೊಣಕಾಲು ಗಟ್ಟಿ ಮಾಡಿದವಳು ಅವಳು. ಈಗ ನಿಮ್ಮ ತಂಡಕ್ಕೆಲ್ಲ ತಾನೇ ಪಾಯಾ ಮಾಡುತ್ತಾಳಂತೆ. ಅವರೂ ಕುಡಿದು ನಿನ್ನನ್ನೇ ಹಿಂದೆ ಹಾಕಿದರೆ ಏನು ಗತಿ ಎಂದು ಕೇಳಿದೆ. ಸೌಟು ತೋರಿಸಿದಳು.

ರುದ್ರಯ್ಯನವರ ಹೋಟೆಲಿನಲ್ಲಿ ಬೇರೆ ಮಾತೇ ಇಲ್ಲ. ಗಲ್ಲಾದ ಹಿಂದೆ ಕೂತೇ ಅವರು, "ಏನ್ ಸಾಬ್ರೇ, ಓಡೋನು ನಿಮ್ಮ ಅಳಿಯ, ಏದುಸಿರು ಬಿಡೋರು ನೀವು" ಎಂದರು.

"ಓಡೋದು ಕಲಿಸಿದ್ದು ಯಾರು ಮಾರಾಯ್ರೇ?" ಅಂದೆ.

"ನಿಮ್ಮ ಲಾರಿ. ಅದು ನಡಿಯೋ ಚಂದಕ್ಕೆ ಮುದುಕ್ರೂ ಅದರ ಹಿಂದೆ ಓಡ್ಬೋದು ಕಣ್ರೀ. ಅವತ್ತೂ ಮುಂದ್ಗಡೆ ಲಾರಿ ಬಿಟ್ಕೊಂಡು ಹೋಗೋ ಯೋಚ್ನೆ ಐತಾ?"

ನಾನು ಇನ್ನೊಂದು ಟೀ ತರಲು ಹೇಳಿದೆ.

ಆದರೂ ಅವರು ಹೇಳಿದ್ದು ನಿಜ. ಮಂಗಳೂರಿನಿಂದ ಹೆಂಚು ತುಂಬಿಕೊಂಡು ಶಿರಾಡಿ ಘಾಟಿ ಹತ್ತುವಾಗ, ಲಾರಿ ಹಿಂದಕ್ಕೆ ಜಾರಿದರೆ ಚಕ್ರಕ್ಕೆ ಕೊಡಲು ಕ್ಲೀನರ್ ಮರದ ತುಂಡು ಹಿಡಿದು ಹಿಂದೆ ಬರಬೇಕು. ಬೇರೆ ಲಾರಿಗಳ ಕ್ಲೀನರುಗಳು ಕಡಿದಾದ ತಿರುವಿನಲ್ಲಿ ಮಾತ್ರ ಇಳಿಯುತ್ತಿದ್ದರು. ನನ್ನ ಕ್ಲೀನರ್ ಆಗಿದ್ದ ನೀನು ಘಾಟಿಯ ಬುಡದ ಗುಂಡ್ಯದಲ್ಲಿ ಇಳಿದವನು ಘಾಟಿ ಮುಗಿಯುವ ತನಕ ಮತ್ತೆ ಹತ್ತುತ್ತಿರಲಿಲ್ಲ. ನಾನು ಬೇಕೆಂದೇ ಗೇರು ಬದಲಿಸಿ ಲಾರಿಯನ್ನು ಮುಂದಕ್ಕೆ ಎಳೆಯುತ್ತಿದ್ದೆ. "ಮಾಮೂ, ಮೋಸ ಮಾಡ್ತೀಯ" ಎಂದು ನೀನು ಹಿಂದಿನಿಂದ ಕೂಗುತ್ತಿದ್ದೆ. ಇಡೀ ಮೈಸೂರು ರಾಜ್ಯದಲ್ಲಿ ಹೀಗೆ ತಯಾರಾದ ಓಟಗಾರ ಇನ್ನೊಬ್ಬನಿಲ್ಲ, ತಯಾರು ಮಾಡಿದ ಮಾವನಂತೂ ಇಲ್ಲವೇ ಇಲ್ಲ.

ಈಗಿನ ಕ್ಲೀನರ್ ಮಂಜುನಾಥ ಒಳ್ಳೆಯವನು. ಇಳಿ ಅಂದರೆ ಇಳಿಯುತ್ತಾನೆ, ಹತ್ತು ಅಂದರೆ ಹತ್ತುತ್ತಾನೆ. ನಾನು ಹೇಳುವುದನ್ನೆಲ್ಲ ನಂಬುತ್ತಾನೆ. ಎಲ್ಲವನ್ನೂ ನಂಬುವವನ ಮುಂದೆ ಕೊಚ್ಚಿಕೊಂಡು ಏನು ಸುಖ? ನೀನಾದರೆ, "ಹೋದ ಸಲ ಆ ಹುಲಿ ಚಿಕ್ಕದಿತ್ತಲ್ಲ ಮಾಮು" ಎಂದು ತಡೆಯುತ್ತಿದ್ದೆ. ಘಾಟಿಯಲ್ಲಿ ಕನ್ನಡಿ ನೋಡಿದರೆ ಧೂಳು ಕಾಣುತ್ತದೆ, ಧೂಳು ಕೂತ ಮೇಲೆ ರಸ್ತೆ ಕಾಣುತ್ತದೆ. ಒಂದು ದಿನ ಮೊದಲಿನ ಹಾಗೆ ಗೇರು ಬದಲಿಸಿ ಎಳೆದು ನೋಡಿದೆ. ಯಾರೂ ಕೂಗಲಿಲ್ಲ. ಸುಮ್ಮನೆ ಎಣ್ಣೆ ದಂಡವಾಯಿತು.

ಇರಲಿ. ಈಗ ಓಟದ ಬುದ್ಧಿಮಾತು. ಬಾಳ್ಳುಪೇಟೆ ಬಿಡುವಾಗ ಜನ ಚಪ್ಪಾಳೆ ಹೊಡೆಯುತ್ತಾರೆ. ಅದಕ್ಕೆ ಮರುಳಾಗಿ ಮೊದಲೇ ಉಸಿರು ಖರ್ಚು ಮಾಡಬೇಡ. ಸಕಲೇಶಪುರದ ಸೇತುವೆಯ ಹತ್ತಿರ ನಿನ್ನ ಅಮ್ಮಿ ಉಪ್ಪು ಹಾಕಿದ ನಿಂಬೆ ಶರಬತ್ತು ಹಿಡಿದು ನಿಂತಿರುತ್ತಾಳೆ. ಎರಡೇ ಗುಟುಕು ಕುಡಿ. ಪೂರ್ತಿ ಕುಡಿ ಎಂದು ಅವಳು ಗದರುತ್ತಾಳೆ, ಕೇಳಬೇಡ. ಸೇತುವೆ ದಾಟಿದ ಮೇಲೆ ಏರು. ಮಂಗಳೂರಿನವರು ಸಮುದ್ರದ ಮಟ್ಟದಲ್ಲಿ ಓಡಿದವರು, ಅಲ್ಲಿ ಬಸವಳಿಯುತ್ತಾರೆ. ನೀನು ಬೆನ್ನು ಬಗ್ಗಿಸಿ, ಮುಂದೆ ಹೆಂಚಿನ ಲೋಡು ಹೋಗುತ್ತಿದೆ ಅಂದುಕೊಂಡು ಹತ್ತು. ಆವತ್ತು ಹೊಸ ಬೂಟು ಹಾಕಬೇಡ.

ನಿನ್ನ ಎದೆಗೆ ಬಲ, ಕಾಲಿಗೆ ಹಗುರ, ಹೊಟ್ಟೆತುಂಬ ಅನ್ನ ಕೊಡಲಿ ಆ ಅಲ್ಲಾಹು.

ನಿನ್ನ ಮಾಮು,
ಅಬ್ದುಲ್ ಮಜೀದ್

ತಾ.ಕ.: ಉತ್ತರ ಬರೆಯದಿದ್ದುದಕ್ಕೆ ಕಾಫಿ ಕೊಯ್ಲು ಕಾರಣವಲ್ಲ. ನವೆಂಬರಿನಲ್ಲಿ ನೀನು ಮಂಗಳೂರಿನ ಓಟ ಗೆದ್ದೆಯಲ್ಲ, ಆವತ್ತು ನಾನು ಅಲ್ಲಿದ್ದೆ. ಕಾಫಿ ಮೂಟೆ ಇಳಿಸಿ, ನಿನ್ನ ಅಮ್ಮಿ ಕೊಟ್ಟ ರವೆ ಉಂಡೆಯ ಡಬ್ಬಿ ಹಿಡಿದು ಓಡಿ ಬಂದಿದ್ದೆ. ಕೊನೆಯ ತಿರುವಿನಲ್ಲಿ, "ಲೇ ಹಮೀದಾ, ಎಳ್ಯೋ" ಎಂದು ಕೂಗಿದವನು ನಾನೇ. ನೀನು ತಿರುಗಿ ನೋಡಿದೆ. ಓಟ ಮುಗಿದ ಮೇಲೆ ನಿಮ್ಮ ಕ್ಲಬ್ಬಿನ ಸಾಹೇಬರು, "ಅಷ್ಟು ಕೂಗಿದ್ದು ಯಾರು, ನಿಮ್ಮವರಾ?" ಎಂದು ಕೇಳಿದರು. "ಅಲ್ಲ ಸಾರ್, ಘಾಟಿ ಮೇಲಿನ ಯಾವನೋ ಲಾರಿಯವನು" ಅಂದೆ ನೀನು. ನಾನು ನಿನ್ನ ಬೆನ್ನ ಹಿಂದೆಯೇ ಬಂದು ನಿಂತಿದ್ದೆ. ಆಗ ನನ್ನ ಅಂಗಿಯ ಗ್ರೀಸು ನನಗೇ ಕಾಣಿಸಿತು. ಲಾರಿಯವನೇ ತಾನೆ ನಾನು.

ಉಂಡೆಗಳನ್ನು ಗುಂಡ್ಯದಲ್ಲಿ ಕೂತು ನಾನೂ ಮಂಜುನಾಥನೂ ತಿಂದೆವು. ಖಾಲಿ ಡಬ್ಬಿ ನಿನ್ನ ಅಮ್ಮಿಗೆ ಕೊಟ್ಟು, ಹಮೀದ ನನ್ನನ್ನು ಅಪ್ಪಿಕೊಂಡ, ಒಂದೂ ಬಿಡದೆ ತಿಂದ, ಇವರೇ ನಮ್ಮ ಮಾಮು ಎಂದು ಎಲ್ಲರಿಗೂ ತೋರಿಸಿದ ಎಂದು ಹೇಳಿದ್ದೇನೆ. ಅವಳು ಅದನ್ನು ಊರಿಗೆಲ್ಲ ಹೇಳಿದ್ದಾಳೆ.

ಇಪ್ಪತ್ತಾರಕ್ಕೆ ನಾನು ಬೆಂಗಳೂರಿನ ಲೋಡು ಒಪ್ಪಿಕೊಂಡಿದ್ದೇನೆ. ನಿಮ್ಮ ಸಾಹೇಬರ ಕಣ್ಣಿಗೆ ಬೀಳುವುದಿಲ್ಲ, ನೀನು ನಿಶ್ಚಿಂತೆಯಿಂದ ಓಡು. ಅಮ್ಮಿ ಮಂಗಳೂರಿನ ಮಾತು ಎತ್ತಿದರೆ ಮಾತ್ರ ತಲೆ ತಗ್ಗಿಸಬೇಡ. ಹೌದು, ಮಾಮು ಬಂದಿದ್ದರು, ಅಪ್ಪಿಕೊಂಡೆ ಅನ್ನು.