ಸಂಜೆ ಜೀಪು ಹತ್ತಿದ ಸೂಕ್ಷ್ಮದರ್ಶಕಗಳು

ಪ್ರಾಂತ್ಯದ ಶಿಕ್ಷಣ ನಿರ್ದೇಶಕರಾದ ಮಾನ್ಯರೇ,

ನಮ್ಮ ಶಾಲೆಗೆ ಬೆಳಿಗ್ಗೆ ಕೊಟ್ಟ ಸೂಕ್ಷ್ಮದರ್ಶಕಗಳನ್ನು ಅದೇ ದಿನ ಸಂಜೆ ನೀವು ವಾಪಸ್ ಒಯ್ದಿರಿ. ಹಿಂದಿರುಗಿಸಿ ಎಂದು ಈ ವರ್ಷದ ತರಗತಿ ಶುರುವಾದಾಗಿನಿಂದ ಕೇಳುತ್ತಲೇ ಇದ್ದೇನೆ. ಕಚೇರಿಯೊಳಗೆ ಆಡಿದ ಮಾತು ತಮಗೆ ಕೇಳಿಸದ ಕಾರಣ ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಗೋಬಿ ಮರುಭೂಮಿಯ ಅಂಚಿನ ನಮ್ಮ ಶಾಲೆಯ ನಾಲ್ಕನೇ ತರಗತಿಯಲ್ಲಿ ವಿಜ್ಞಾನವೆಂದರೆ ಪುಸ್ತಕದ ಚಿತ್ರ. ಮಕ್ಕಳು ಥರ್ಮಾಮೀಟರಿನ ಚಿತ್ರ ನೋಡಿ ಉಷ್ಣತೆ ಬರೆಯುತ್ತಾರೆ. ಹೊರಗೆ ಒಂಟೆಯ ಮೀಸೆ ಹೆಪ್ಪುಗಟ್ಟಿದ್ದರೂ ಚಿತ್ರದಲ್ಲಿ ಸದಾ ಇಪ್ಪತ್ತೈದು ಡಿಗ್ರಿ. ಇಂಥಲ್ಲಿಗೆ ತಾವು ಆರು ಸೂಕ್ಷ್ಮದರ್ಶಕಗಳೊಂದಿಗೆ ಬಂದಿರಿ. ಗೌರವದ ಅತಿಥಿಗೆ ಕೊಡುವಂತೆ ನೀಲಿ ರೇಷ್ಮೆಯ ಮೇಲೆ ಬೆಳ್ಳಿ ಬಟ್ಟಲಿಟ್ಟು ಹಾಲು ಕೊಟ್ಟೆವು. ಮಕ್ಕಳನ್ನು ಮೇಜಿನ ಸುತ್ತ ನಿಲ್ಲಿಸಿ ಫೋಟೋ ತೆಗೆಸಿದಿರಿ. ಮಸೂರದ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನೇ ಯಾರೂ ತೆಗೆದಿರಲಿಲ್ಲ. ಮುಚ್ಚಳದೊಳಗೆ ಇಣುಕಿ ಬೆರಗಾಗುವುದು ಹೇಗೆಂದು ನಿಮ್ಮ ಛಾಯಾಗ್ರಾಹಕನೇ ಮಕ್ಕಳಿಗೆ ಹೇಳಿಕೊಟ್ಟ.

ನಮ್ಮ ತರಗತಿಯ ದುಲ್ಮಾ ನಿಮ್ಮ ತೋಳು ಜಗ್ಗಿ ಕೇಳಿದ್ದು ನೆನಪಿದೆಯೇ?

"ಸಾರ್, ಇದು ನಮಗೇನಾ? ನಿಜವಾಗ್ಲೂ?"

"ನಿಮ್ದೇ ಮಗಳೇ! ಇನ್ಯಾರದ್ದು?"

ಆ ಹುಡುಗಿ ಊರಂಚಿನ ಅಜ್ಜಿಯ ಗುಡಾರಕ್ಕೆ ಓಡಿದಳು. ಅವರ ಒಂಟೆಮರಿಯನ್ನು ಉಣ್ಣಿ ಹಿಂಡುತ್ತಿತ್ತು. ಅಷ್ಟು ಸಣ್ಣ ಹುಳು ಅಷ್ಟು ಗಟ್ಟಿಯಾಗಿ ಕಚ್ಚಿ ಹಿಡಿಯುವುದು ಯಾವುದರಿಂದ ಎಂದು ಅವಳು ನನ್ನನ್ನು ಬೇಸಿಗೆಯಿಂದ ಪೀಡಿಸುತ್ತಿದ್ದಳು. ಒಂದು ಉಣ್ಣಿಯನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಏದುಸಿರು ಬಿಡುತ್ತ ಬಂದಾಗ ಮೇಜು ಖಾಲಿಯಾಗಿತ್ತು. ನಿಮ್ಮ ಚಾಲಕ ಕೊನೆಯ ಪೆಟ್ಟಿಗೆಯನ್ನು ಜೀಪಿಗೆ ಏರಿಸುತ್ತಿದ್ದ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ," ಎಂದ ನನಗೆ. "ನಾಳೆ ಪಕ್ಕದೂರಲ್ಲೂ ಉದ್ಘಾಟನೆ ಇದೆ. ಇರೋದೇ ಈ ಆರು."

ದುಲ್ಮಾ ಅಳಲಿಲ್ಲ. ಬೆಂಕಿಪೊಟ್ಟಣ ಹಿಡಿದು ಜೀಪಿನ ಧೂಳು ಅಡಗುವವರೆಗೂ ನಿಂತಿದ್ದಳು. ಅವಳ ಅಜ್ಜಿ ಮಾತ್ರ ಸುಮ್ಮನಿರಲಿಲ್ಲ: "ಕೊಟ್ಟ ಕುದುರೇನ ಸಂಜೆಗೇ ಬಿಚ್ಕೊಂಡು ಹೋಗೋ ಗಂಡಸನ್ನ ಇವತ್ತೇ ನೋಡಿದ್ದು ಕಣಮ್ಮ!"

ನಾನು ಫೋನ್ ಮಾಡಿದೆ. "ಎಲ್ಲಾ ಊರಿನ ಮಕ್ಕಳೂ ಒಂದೊಂದ್ಸಲ ನೋಡ್ಲಿ ಅಂತ ಕಣಮ್ಮಾ, ನೀನೂ ಮಗು ಥರ ಆಡ್ತೀಯಲ್ಲ" ಎಂದಿರಿ. ಏನನ್ನು ನೋಡಲಿ ಸ್ವಾಮಿ, ಮುಚ್ಚಳವನ್ನೇ?

ಬೇರೆ ಅಧಿಕಾರಿಯಾಗಿದ್ದರೆ ಬೈದು ಮರೆಯುತ್ತಿದ್ದೆ. ಆದರೆ ಇದೇ ಶಾಲೆಯ ಇದೇ ಕೋಣೆಯಲ್ಲಿ ನನಗೆ ವಿಜ್ಞಾನ ಕಲಿಸಿದವರು ತಾವು. ಸುಟ್ಟುಹೋದ ಬಲ್ಬಿನೊಳಗೆ ನೀರು ತುಂಬಿ, ಅದರಲ್ಲಿ ಇರುವೆಯ ಕಾಲನ್ನು ಕೋಲಿನಷ್ಟು ದಪ್ಪ ತೋರಿಸಿದವರು. "ನೋಡದೇ ಬರೀಬೇಡ" ಎಂದು ನನ್ನ ಕಿವಿ ಹಿಂಡಿದವರು. ನಾನು ಶಿಕ್ಷಕಿಯಾದದ್ದು ಆ ಇರುವೆಯಿಂದ. ನೀವು ಬರುವ ಹಿಂದಿನ ದಿನ ಮಕ್ಕಳಿಗೆ ಇದನ್ನೆಲ್ಲ ಹೇಳಿ, "ಅವರು ನಮ್ಮವರು" ಎಂದಿದ್ದೆ. ಆ ಮೇಷ್ಟ್ರು ಯಾವ ಕುರ್ಚಿಯಲ್ಲಿ ಕೂತಾಗ ಸತ್ತರು?

ಒಂದು ಉಪಕಾರವನ್ನಂತೂ ಒಪ್ಪಿಕೊಳ್ಳಬೇಕು. ಎತ್ತರದ ಬೆಟ್ಟದ ಮೇಲೆ ನೀರು ಬೇಗ ಕುದಿಯುತ್ತದೆ ಎಂದು ಮೊನ್ನೆ ಪಾಠ ಮಾಡುತ್ತಿದ್ದೆ. ದುಲ್ಮಾ ಕೈಯೆತ್ತಿದಳು. "ಟೀಚರ್, ಇದು ನೀವು ನೋಡಿದ್ದಾ, ಇಲ್ಲಾ ಯಾರೋ ದೊಡ್ಡೋರು ಹೇಳಿದ್ದಾ?" ತರಗತಿ ನಗಲಿಲ್ಲ. ಎಲ್ಲರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ದೊಡ್ಡವರ ಮಾತನ್ನು ಪರೀಕ್ಷಿಸದೆ ನಂಬಬಾರದೆಂಬ ಪಾಠವನ್ನು ಯಾವ ಉಪಕರಣವೂ ಇಲ್ಲದೆ ಕಲಿಸಿಬಿಟ್ಟಿರಿ. ಆದರೆ ಒಂಬತ್ತು ವರ್ಷದ ಮಗು ಅದನ್ನು ಹೀಗೆ ಕಲಿಯಬೇಕಿತ್ತೇ?

ನನ್ನ ಬೇಡಿಕೆ ಇಷ್ಟೇ. ಸೂಕ್ಷ್ಮದರ್ಶಕ ಕೊಡಿ, ಒಂದಾದರೂ ಸರಿ, ಇಲ್ಲೇ ಉಳಿಯುವಂಥದ್ದು. ಕೊಡಲಾಗದಿದ್ದರೆ ಕ್ಯಾಮೆರಾ ಇಲ್ಲದೆ ಒಬ್ಬರೇ ಬಂದು, ದುಲ್ಮಾಳ ಎದುರು ನಿಂತು, "ಅದು ನಿಮ್ಮದಾಗಿರಲಿಲ್ಲ ಮಗಳೇ, ನಾನು ಸುಳ್ಳು ಹೇಳಿದೆ" ಎನ್ನಿ. ಆ ಮಾತನ್ನು ನಿಮ್ಮ ಪರವಾಗಿ ನಾನು ಹೇಳಲಾರೆ. ನಿಮ್ಮ ಬಗ್ಗೆ ಒಳ್ಳೆಯದನ್ನು ಹೇಳಿ ಹೇಳಿ, ಮಕ್ಕಳಿಗೆ ನನ್ನ ಮೇಲಿದ್ದ ನಂಬಿಕೆಯೆಲ್ಲ ಖರ್ಚಾಗಿಹೋಗಿದೆ.

ಇಂತಿ,
ಮೊನ್ನೆಮೊನ್ನೆಯವರೆಗೂ ನಿಮ್ಮ ಶಿಷ್ಯೆಯೆಂದು ಹೇಳಿಕೊಳ್ಳುತ್ತಿದ್ದ
ಉಯಂಗಾ, ನಾಲ್ಕನೇ ತರಗತಿಯ ಶಿಕ್ಷಕಿ