ಕೈ ತೊಳೆಯುವಲ್ಲಿ ಕೇಳಿದ್ದು

ಕಾಚಿಗೂಡ, ೧೨-೨-೨೦೦೧

ಶೈಲಾ ಮೇಡಂ ಅವರಿಗೆ,

ಮೂರು ದಿನದಿಂದ ಈ ಪತ್ರ ಬರೆದು ಹರಿಯುತ್ತಿದ್ದೇನೆ. ನೀವು ನಡೆಸಿದ ಇಂಟರ್ನೆಟ್ ಸಮ್ಮೇಳನದ ಅಭಿಪ್ರಾಯ ಚೀಟಿಗಳನ್ನು ನಂಬಿ ಮುಂದಿನ ವರ್ಷದ್ದನ್ನು ಯೋಜಿಸಬೇಡಿರಿ. ಚೀಟಿ ಕೊಟ್ಟವರಿಗೇ ಊಟದ ಕೂಪನ್ ಎಂದು ಸಭಾಂಗಣ ನಡುಗುವಂತೆ ಘೋಷಿಸಿದವನು ನಾನೇ. ಹಸಿದವರು ನಿರೂಪಕನಾದ ನನಗೂ ಹತ್ತಕ್ಕೆ ಹತ್ತು ಕೊಟ್ಟಿದ್ದಾರೆ.

ನಮ್ಮ ನಾಟಕ ಕಂಪನಿಯಲ್ಲಿ ಅಪ್ಪ ಆಟ ಮುಗಿದೊಡನೆ ಹೊರಬಾಗಿಲಲ್ಲಿ ನಿಂತು ಜನರ ಮಾತು ಕೇಳುತ್ತಿದ್ದರು. ಹಾಗೆಯೇ ನಾನು ಸಮ್ಮೇಳನದ ಊಟದ ನಂತರ ಕೈ ತೊಳೆಯುವ ನಲ್ಲಿಯ ಹತ್ತಿರ ನಿಂತೆ.

“ಭಾಷಣ ಛಲೋ ಇದ್ವು. ಆದ್ರ ಆ ನಿರೂಪಕಗ ಮೈಕ್ ಯಾಕ ಬೇಕಿತ್ರಿ? ಊರ ಹೊರಗ ಪಟಾನ್‌ಚೆರುತನಕ ಕೇಳಸ್ತಿತ್ತು,” ಎಂದರು ನಮ್ಮ ಕಡೆಯವರೊಬ್ಬರು. ಸುತ್ತಲಿದ್ದವರೆಲ್ಲ ನಕ್ಕರು.

ಈ ಗಂಟಲೇ ನನ್ನ ಅನ್ನ. ಆದರೂ ಮುಂದಿನ ವರ್ಷ ಮೈಕನ್ನು ಬೇರೆಯವರಿಗೆ ಕೊಡಿರಿ. ನನಗೆ ಆ ನಲ್ಲಿಯ ಪಕ್ಕ ಒಂದು ಕುರ್ಚಿ ಹಾಕಿಸಿರಿ. ಬಾಯಿ ತೆರೆಯುವುದಿಲ್ಲ.

ಈ ಪತ್ರ ತಲುಪುವ ತನಕ ನಿಮ್ಮ ನಿರೂಪಕ,
ಗುರುಬಸಯ್ಯ